ಹೊಸ ಕಾರಿಗೆ ಪ್ಲಾಸ್ಟಿಕ್ ಅಂಟಿಸಿದ ಭಾಮೈದನ ಮೇಲೆ ದೂರು

ಹೆಸರು ಗಾದಿಲಿಂಗಪ್ಪ, ತಂದೆ ದಿವಂಗತ ಗವಿಸಿದ್ದಪ್ಪ. ವಯಸ್ಸು 52 ವರ್ಷ. ಉದ್ಯೋಗ ಅಕ್ಕಿ ಗಿರಣಿ. ವಾಸ ಸಿರುಗುಪ್ಪ, ಬಳ್ಳಾರಿ ಜಿಲ್ಲೆ.

ಕುರುಗೋಡು ಪೊಲೀಸ್ ಠಾಣೆಗೆ ಯಾರ ಒತ್ತಾಯವೂ ಇಲ್ಲದೆ, ಹಲವರು ಬೇಡವೆಂದರೂ ಕೇಳದೆ, ನಾನಾಗಿಯೇ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಬಳ್ಳಾರಿಯ ಪಾರ್ವತಿನಗರದಲ್ಲಿ ವಾಸವಿದ್ದು, ಕಾರಿನ ಸೀಟಿಗೆ ರೆಕ್ಸಿನ್ ಹೊಲಿಯುವ ಅಂಗಡಿ ಇಟ್ಟಿರುವ ಮರಿಬಸಪ್ಪ ಎಂಬುವನು ನನ್ನ ಹೆಂಡತಿ ಕೊಟ್ರಮ್ಮಳ ತಮ್ಮ. ಈ ಸಂಬಂಧ ನಾನು ಹುಡುಕಿಕೊಂಡು ಹೋಗಿ ಪಡೆದದ್ದಲ್ಲ, ಹೆಂಡತಿಯ ಜೊತೆಗೆ ಬಂದದ್ದು ಎಂಬುದನ್ನು ಮೊದಲೇ ಬರೆದುಕೊಳ್ಳಬೇಕಾಗಿ ವಿನಂತಿ.

ನಾನು ಮುಂಗಡ ಕಟ್ಟಿ ಕಾರಿಗೆ ಹೆಸರು ಬರೆಸಿದ್ದು ಆರು ವರ್ಷದ ಹಿಂದೆ. ಅದೇ ದಿನ ನನ್ನ ತಾಯಿ ಚನ್ನವೀರಮ್ಮ, ವಯಸ್ಸು 76, ಕುರುಗೋಡು ಬಸವಣ್ಣನ ಗುಡಿಗೆ ಇನ್ನು ಹೋದರೆ ಮಗನ ಕಾರಿನಲ್ಲೇ ಹೋಗುವುದೆಂದು ಓಣಿಯವರ ಎದುರು ಹೇಳಿಬಿಟ್ಟರು. ಅಲ್ಲಿಯವರೆಗೆ ಪ್ರತಿ ಶ್ರಾವಣ ತಪ್ಪದೆ ಹೋಗುತ್ತಿದ್ದವರು. ಕಾರೂ ಬರಲಿಲ್ಲ, ತಾಯಿಯೂ ಹೋಗಲಿಲ್ಲ. ಶ್ರಾವಣ ಬಂದಾಗಲೆಲ್ಲ ಬಾಗಿಲಿಗೆ ಬಂದು ರಸ್ತೆ ನೋಡಿ ಒಳಗೆ ಹೋಗುತ್ತಿದ್ದರು. ಬೈದಿದ್ದರೆ ಒಳ್ಳೆಯದಿತ್ತು.

ಈ ವರ್ಷ ಏಪ್ರಿಲ್ ತಿಂಗಳಲ್ಲಿ ಕಾರು ಬಂತು. ಕಡುನೀಲಿ ಬಣ್ಣದ ಅಂಬಾಸಿಡರ್. ಬಾನೆಟ್ಟಿನಲ್ಲಿ ನನ್ನ ಮುಖ ಕಾಣುತ್ತಿತ್ತು. ನನ್ನದೇ ಮುಖವಾದರೂ ಅಲ್ಲಿ ಲಕ್ಷಣವಾಗಿ ಕಾಣುತ್ತಿತ್ತು.

ಮರುದಿನ ಮರಿಬಸಪ್ಪ ಬಂದು ಕಾರಿನ ಸುತ್ತ ತಿರುಗಿ, ಸತ್ತವರ ಮನೆಗೆ ಬಂದವನಂತೆ ಲೊಚಗುಟ್ಟಿದನು. "ಮಾವಾರ, ಬಳ್ಳಾರಿ ಬಿಸಲಿಗೆ ಈ ಬಣ್ಣ ತಡಿಯಂಗಿಲ್ರಿ. ಅದಿರಿನ ಲಾರಿ ಹಿಂದ ಒಮ್ಮೆ ಹೋಗ್ರಿ, ಕಲ್ಲು ಸಿಡದು ಮಾರಿತುಂಬ ಮೈಲಿ ಬ್ಯಾನಿ ಎದ್ದಂಗ ಆಗತೈತಿ. ನನ್ನ ಅಂಗಡಿಗೆ ಗಾಜಿನಂಥ ಪ್ಲಾಸ್ಟಿಕ್ ಬಂದೈತಿ. ಮೈತುಂಬ ಅಂಟಿಸಿಬಿಡ್ತೀನಿ. ಐತೋ ಇಲ್ಲೋ ನಿಮಗೂ ಗೊತ್ತಾಗಂಗಿಲ್ಲ" ಎಂದು ನಂಬಿಸಿದನು. ಬೇಕೇ ಎಂದು ನಾನು ಕೇಳಿದ್ದಕ್ಕೆ, ಹೊಸ ಟ್ರಂಕಿಗೇ ಗೌಸು ಹಾಕುವ ಮನೆತನ ಹೊಸ ಕಾರನ್ನು ಬರಿಮೈಯಲ್ಲಿ ಬಿಡುವುದೇ ಎಂದು ಮರುಪ್ರಶ್ನೆ ಹಾಕಿದನು. ಮನೆತನದ ಮಾತು ಬಂದಮೇಲೆ ಕಾರಿನ ಕೀಲಿ ಅವನ ಕೈಗೆ ಕೊಟ್ಟೆ.

ಸಾಬೂನಿನ ನೀರು, ಮರದ ಪಟ್ಟಿ ಮತ್ತು ಹೆಸರು ಹೇಳಲು ಒಪ್ಪದ ಒಂದು ಅಂಟಿನಿಂದ ಮರಿಬಸಪ್ಪ ಇಡೀ ಕಾರಿಗೆ ಪ್ಲಾಸ್ಟಿಕ್ ಮೆತ್ತಿದನು. ನೋಡುತ್ತ ನಿಂತಿದ್ದ ನನ್ನ ಹೆಂಡತಿ, "ತಗಡು ಕಾಯಾಕ ಬಣ್ಣ. ಬಣ್ಣ ಕಾಯಾಕ ಪ್ಲಾಸ್ಟಿಕ್ಕು. ಪ್ಲಾಸ್ಟಿಕ್ ಕಾಯಾಕ ಹಗಲೆಲ್ಲಾ ನೀವು. ನಿಮ್ಮನ್ನ ಕಾಯಾಕ ನಾನು. ಹತ್ತಿ ಹೋಗೋರು ಯಾರ್ರಿ?" ಎಂದು ಕೇಳಿದಳು. ಆಗ ಅದು ತಲೆಹರಟೆ ಎನಿಸಿತ್ತು.

ವಾರದೊಳಗೆ ಬಿಸಿಲಿಗೆ ಪ್ಲಾಸ್ಟಿಕ್ಕಿನ ಮೇಲೆ ಹಪ್ಪಳದ ಮೇಲಿನಂತೆ ಗುಳ್ಳೆ ಎದ್ದವು. ಓಣಿಯಲ್ಲಿ ಹೋಗುವವರು ನಿಂತು ಒಂದೊಂದು ಗುಳ್ಳೆ ಒತ್ತಿ ಹೋಗತೊಡಗಿದರು. ಇಲ್ಲಿ ಒತ್ತಿದರೆ ಅಲ್ಲಿ ಏಳುತ್ತಿತ್ತು. ನನ್ನ ಗಿರಣಿಯ ತೌಡು ಅಂಚಿನಲ್ಲಿ ನುಗ್ಗಿ ಅಂಟಿಗೆ ಹಿಡಿದು, ಕಾರಿಗೆ ಜರಿ ಸೀರೆಯ ಹಾಗೆ ಅಂಚು ಬಂತು. ಮರಿಬಸಪ್ಪನನ್ನು ಕರೆಸಿ ಕಿತ್ತುಹಾಕಲು ಹೇಳಿದೆ. ಒಂದು ಬೇಸಿಗೆ ತಡೆದರೆ ಗುಳ್ಳೆಗಳು ತಾವಾಗಿಯೇ ಕೂರುತ್ತವೆಂದು ಹೇಳಿ, ಊಟ ಮಾಡಿ ಹೋದನು.

ಆಮೇಲೆ ಮಠದ ಅಯ್ಯನವರು ಮನೆಗೆ ಬಂದು ಕಾರಿಗೆ ಪೂಜೆ ಮಾಡಿದರು. ಬಾನೆಟ್ಟಿನ ಮೇಲೆ ಎಳೆದ ಮೂರು ಬೆರಳಿನ ವಿಭೂತಿ ಒಣಗಿ, ಇಂಜಿನ್ ಚಾಲೂ ಮಾಡಿದ ಕೂಡಲೆ ಸಿಪ್ಪೆಯೆದ್ದು ಕೆಳಗೆ ಉದುರಿತು. ಕಾರು ಹತ್ತಲು ಸೀರೆ ಎತ್ತಿ ಹಿಡಿದಿದ್ದ ತಾಯಿ ಹಿಂದೆ ಸರಿದರು. "ಪೂಜಿ ಆಗಿದ್ದು ಪ್ಲಾಸ್ಟಿಕ್ಕಿಗೆ. ಕಾರಿನ ಹಣಿ ಬರಿದ ಐತಿ. ನಾನು ಕುಂದ್ರಂಗಿಲ್ಲ" ಎಂದರು. ಪ್ಲಾಸ್ಟಿಕ್ಕಿನೊಳಗಿಂದ ಬೆಳಕು ಹೋಗುತ್ತದೆ, ಪೂಜೆಯೂ ಹೋಗುತ್ತದೆ ಎಂದು ನಾನು ತಿಳಿಸಿ ಹೇಳಿದೆ. ಅದಕ್ಕೆ ತಾಯಿ, "ಸಣ್ಣಾವ ಇದ್ದಾಗ ನಿನಗ ಅಂಗಿ ಮ್ಯಾಲ ಎಣ್ಣಿ ಹಚ್ಚಿ ಎರದೀನೇನಪಾ?" ಎಂದು ಕೇಳಿದರು. ಅಯ್ಯನವರನ್ನು ನೋಡಿದೆ. ಅವರು ತೆಂಗಿನಕಾಯಿಯ ಹೋಳು ನೋಡುತ್ತಿದ್ದರು.

ಈ ದಿನ ಸೋಮವಾರ ಬೆಳಿಗ್ಗೆ ತಾಯಿ ಕೈಚೀಲ ಹಿಡಿದು ಬಸ್ ನಿಲ್ದಾಣಕ್ಕೆ ಹೊರಟರು. ತಡೆದೆ. "ನಿನ್ನ ಪ್ಲಾಸ್ಟಿಕ್ ಹರಿಯೂಮಟ ನಾನು ಇರತೀನಂತ ಏನು ಖಾತ್ರಿ? ಬಸವಣ್ಣನ್ನ ನೋಡಬೇಕು, ಬಿಡು" ಎಂದು ಬಸ್ ಹತ್ತಿದರು. ಹೆಂಡತಿಯೂ ಅತ್ತೆಯ ಜೊತೆ ಹತ್ತಿದಳು. ನಾನು ಖಾಲಿ ಕಾರಿನಲ್ಲಿ ಆ ಬಸ್ಸಿನ ಹಿಂದೆಯೇ ಹೊರಟೆನು. ಸ್ವಂತ ಕಾರಿರುವವನ ತಾಯಿ ಬಸ್ಸಿನಲ್ಲಿ, ಮಗ ಅದರ ಧೂಳಿನಲ್ಲಿ. ತೆಕ್ಕಲಕೋಟೆಯಲ್ಲಿ ಬಸ್ ನಿಂತಾಗ ಕಂಡಕ್ಟರ್ ಬಾಗಿಲಿನಿಂದ ಬಗ್ಗಿ, "ಯಾಕ್ರಿ ಸಾವ್ಕಾರ್ರ, ನಮ್ಮ ಬಸ್ಸಿಗೆ ಕಾವಲು ಹೊಂಟೀರೇನು?" ಎಂದು ವಿಚಾರಿಸಿದನು. ಹಿಂದಿನ ಸೀಟಿನವರು ಊರು ಮುಟ್ಟುವವರೆಗೂ ತಿರುಗಿಯೇ ಕುಳಿತಿದ್ದರು.

ತೆಕ್ಕಲಕೋಟೆ ದಾಟಿದ ಮೇಲೆ ಬಸ್ಸಿನ ಗಾಲಿಯಿಂದ ಕಲ್ಲೊಂದು ಸಿಡಿದು ಬಾನೆಟ್ಟಿಗೆ ಬಡಿಯಿತು. ಪ್ಲಾಸ್ಟಿಕ್ ಹರಿಯಿತು. ಒಳಗೆ ಗಾಳಿ ಹೊಕ್ಕು ಪೂರಿಯಂತೆ ಉಬ್ಬಿ ಎದುರಿಗೆ ನಿಂತಿತು. ಉಳಿದ ದಾರಿಯನ್ನು ತಲೆ ಹೊರಗೆ ಹಾಕಿಕೊಂಡು ಓಡಿಸಿದೆನು.

ಬೆಳಿಗ್ಗೆ ಸುಮಾರು ಹನ್ನೊಂದು ಗಂಟೆಗೆ ಕುರುಗೋಡು ಗುಡಿಯಿಂದ ಇಪ್ಪತ್ತು ಮಾರು ಈಚೆಗೆ ಕಾರು ನಿಲ್ಲಿಸಿದೆ. ಅಕ್ಕ ನಿನ್ನೆಯೇ ಹೇಳಿಕಳಿಸಿದ್ದಳಂತೆ, ಮರಿಬಸಪ್ಪ ಬಳ್ಳಾರಿಯಿಂದ ಸ್ಕೂಟರಿನಲ್ಲಿ ಬಂದು ಮೊದಲೇ ಅಲ್ಲಿದ್ದನು. ಹರಿದ ತುದಿ ಎತ್ತಿ ನೋಡಿ ಮುಖ ಅರಳಿಸಿದನು. "ನೋಡ್ರಿ, ಎಲ್ಲಾರೂ ಬಂದು ನೋಡ್ರಿ. ಕಲ್ಲು ಬಡದೈತಿ, ಬಣ್ಣಕ್ಕ ಒಂದು ಗೀರು ಬಿದ್ದಿಲ್ಲ. ಮಾವಾರು ನನ್ನ ಮ್ಯಾಲ ಹರಿಹಾಯ್ತಿದ್ರು" ಎಂದು ಗುಡಿಗೆ ಬಂದವರನ್ನು ಕರೆದು ತೋರಿಸಿದನು. ಬಣ್ಣಕ್ಕೆ ಏನೂ ಆಗಿರಲಿಲ್ಲ ಎಂಬುದು ನಿಜ. ಒಂದು ನಿಮಿಷ ನನಗೂ ಅವನ ಮೇಲೆ ಅಭಿಮಾನ ಹುಟ್ಟಿತು. ಆ ಒಂದು ನಿಮಿಷಕ್ಕೂ ಈಗ ಸಿಟ್ಟು ಬರುತ್ತಿದೆ.

ಅಷ್ಟರಲ್ಲಿ ಬಸ್ ಇಳಿದು ಬಂದ ತಾಯಿ, "ಹರದೈತಲ್ಲ, ಚೊಲೋ ಆತು" ಎಂದು ಆ ತುದಿಯನ್ನು ಎರಡೂ ಕೈಯಿಂದ ಹಿಡಿದು ಎಳೆದರು. ಮರಿಬಸಪ್ಪ ಬೇಡ ಬೇಡವೆಂದು ಕೂಗಿದನು. ಪ್ಲಾಸ್ಟಿಕ್ ಬಂತು. ಅದರ ಬೆನ್ನಿಗೆ ಮೊರದಗಲ ನೀಲಿ ಬಣ್ಣವೂ ಬಂತು. ಕೆಳಗೆ ತಗಡು ಕಂಡಿತು. ನನ್ನ ಬಾಯಿಂದ ಹೊರಟ ಸದ್ದಿಗೆ ಗುಡಿಯ ಒಳಗಿದ್ದವರೂ ಹೊರಗೆ ಬಂದರೆಂದು ಹೆಂಡತಿ ಆಮೇಲೆ ತಿಳಿಸಿದಳು.

ತಾಯಿ ಕೈಚೀಲದಿಂದ ವಿಭೂತಿ ಗಟ್ಟಿ ತೆಗೆದು, ನೀರಿನಲ್ಲಿ ತೇಯ್ದು, ಆ ತಗಡಿನ ಮೇಲೆ ಮೂರು ಬೆರಳು ಎಳೆದರು. ಹಿಂದಿನ ಬಾಗಿಲು ತೆಗೆದು ಒಳಗೆ ಕುಳಿತು, "ಈಗ ನಡಿ ಬಸವಣ್ಣನ ಕಡೆ" ಎಂದರು. ಬಸವಣ್ಣ ಅಲ್ಲಿಯೇ ಕಾಣುತ್ತಿದ್ದನು. ಆದರೂ ಕಾರು ಹೊಡೆದೆನು. ಆ ಇಪ್ಪತ್ತು ಮಾರೂ ತಾಯಿ ಕೈಯನ್ನು ಕಿಟಕಿಯ ಹೊರಗೆ ಚಾಚಿಕೊಂಡೇ ಬಂದರು. ಪ್ರಕರಣಕ್ಕೆ ಸಂಬಂಧವಿಲ್ಲದಿದ್ದರೂ ಇದನ್ನು ಬರೆದುಕೊಳ್ಳಬೇಕು.

ದರ್ಶನವಾದ ಮೇಲೆ ಮರಿಬಸಪ್ಪನ ತೋಳು ಹಿಡಿದು ಠಾಣೆಗೆ ಕರೆತಂದಿದ್ದೇನೆ. ಪ್ಲಾಸ್ಟಿಕ್ ಬಣ್ಣವನ್ನು ಕಾಯ್ದಿದೆ, ಬಣ್ಣ ಕಿತ್ತದ್ದು ನನ್ನ ತಾಯಿಯವರ ಕೈ, ಕೇಸು ಮಾಡುವುದಾದರೆ ಅವರ ಮೇಲೆ ಮಾಡಿರೆಂದು ಸದರಿಯವನು ತಮ್ಮೆದುರೇ ವಾದಿಸಿದ್ದಾನೆ. ನನ್ನ ಉತ್ತರ ಇಷ್ಟೇ. ತಾಯಿ ಎಳೆದದ್ದು ಪ್ಲಾಸ್ಟಿಕ್. ಬಣ್ಣ ಎಳೆದದ್ದು ಅಂಟು. ಅಂಟು ಮರಿಬಸಪ್ಪನದು. ಕಲ್ಲಿಗೆ ಹೋಗದ ಬಣ್ಣ ಕಾವಲಿಗೆ ಹೋಯಿತು. ಹೊಸ ಕಾರಿಗೆ ಇದನ್ನು ಅಂಟಿಸಿಕೊಳ್ಳಬೇಕೆಂದಿರುವವರು ಠಾಣೆಯ ಮುಂದೆ ನಿಂತಿರುವ ನನ್ನ ಬಾನೆಟ್ ನೋಡಿ ಹೋಗಬಹುದು.

ಕಾರನ್ನು ಸಾಕ್ಷ್ಯವಾಗಿ ಇಲ್ಲಿಯೇ ಬಿಟ್ಟುಹೋಗಲು ದಫೇದಾರರು ಸೂಚಿಸಿದ್ದಾರೆ. ನನ್ನ ಒಪ್ಪಿಗೆ ಇದೆ. ಆದರೆ ಸಾಕ್ಷ್ಯದೊಳಗೆ ತಾಯಿ ಕುಳಿತಿದ್ದು, ಇಳಿಯಲು ಒಪ್ಪುತ್ತಿಲ್ಲ. ಕೆಂಚನಗುಡ್ಡದ ಹೊಳೆ ನೋಡಿಕೊಂಡು ಮನೆಗೆ ಹೋಗೋಣವೆನ್ನುತ್ತಿದ್ದಾರೆ. ಆರೋಪಿ ಉಂಡಿಲ್ಲವಾದ್ದರಿಂದ ಅವನನ್ನೂ ಮುಂದಿನ ಸೀಟಿನಲ್ಲಿ ಕೂರಿಸಿಕೊಳ್ಳಬೇಕಂತೆ. ಕೂರಿಸಿಕೊಳ್ಳುತ್ತೇನೆ, ಮಾತನಾಡಿಸುವುದಿಲ್ಲ.

ಬಣ್ಣ ಹೋದ ಜಾಗಕ್ಕೆ ನಾಳೆಯೇ ಬಣ್ಣ ಹಚ್ಚಿಸುವೆನೆಂದು ಹೇಳಿದ್ದಕ್ಕೆ ತಾಯಿ, ಹಚ್ಚಿದರೆ ವಿಭೂತಿ ಅಳಿಸುತ್ತದೆ, ಹಾಗೆಯೇ ಇರಲಿ ಎಂದಿದ್ದಾರೆ. ಮಳೆ ಬಂದರೆ ತೊಳೆದುಹೋಗುವುದಲ್ಲ ಎಂದೆ. ಮೇಲೆ ಒಂದು ಪ್ಲಾಸ್ಟಿಕ್ ಅಂಟಿಸು ಎಂದರು.

ಮೇಲಿನದೆಲ್ಲ ನಾನು ಸಿಟ್ಟಿನಲ್ಲಿ ಬರೆಸಿದ್ದು, ಆದರೂ ಸತ್ಯ. ಓದಿಸಿ ಕೇಳಿದೆ, ಸಿಟ್ಟು ಇಳಿದಿಲ್ಲ. ಹೊರಗೆ ತಾಯಿ ಹಾರ್ನ್ ಹೊಡೆಯುತ್ತಿರುವುದರಿಂದ ಇಲ್ಲಿಗೆ ಮುಗಿಸಿ ರುಜು ಮಾಡಿರುತ್ತೇನೆ.

ಸ್ಥಳ: ಕುರುಗೋಡು
ದಿನಾಂಕ: 14-5-1979

(ಸಹಿ) ಗಾದಿಲಿಂಗಪ್ಪ