ಕಾಜಕ್ಕ ಹೊಲಿದ ಅಕ್ಷರ

ನಗುವವರು ಈಗಲೇ ನಕ್ಕು ಮುಗಿಸಿ. ಆಮೇಲೆ ನಡುವೆ ಎದ್ದು ಹೋಗುತ್ತೇನೆಂದರೆ ಬಿಡುವವಳಲ್ಲ ನಾನು. ಇದು ಎಲ್ಲೋ ಯಾರಿಗೋ ಆದದ್ದಲ್ಲ, ನನ್ನ ದೊಡ್ಡಮ್ಮನ ಮಗಳಿಗೇ ಆದದ್ದು.

ಅವಳನ್ನು ನಾವೆಲ್ಲ ಕಾಜಕ್ಕ ಅನ್ನುತ್ತೇವೆ. ದರ್ಜಿ ಅಂಗಡಿಯಲ್ಲಿ ಕೂತು ಅಂಗಿಗಳಿಗೆ ಕಾಜಾ, ಅಂದರೆ ಗುಂಡಿ ತೂರಿಸುವ ಕಂಡಿ, ಹೊಲಿಯುವುದು, ಗುಂಡಿ ಹಚ್ಚುವುದು ಅವಳ ಕೆಲಸ. ಅರ್ಧಕ್ಕೆ ನಿಂತ ಹೊಲಿಗೆ ಕಂಡರೆ ಅವಳ ಕೈ ಸುಮ್ಮನಿರುವುದಿಲ್ಲ. ಬಸ್ಸಿನಲ್ಲಿ ಪಕ್ಕದವರ ಗುಂಡಿ ಜೋತಾಡುತ್ತಿದ್ದರೂ "ಒಂದ್ನಿಮಿಷ ಇರಿ" ಅಂತ ಸೂಜಿ ತೆಗೆಯುವ ಪೈಕಿ. ಗಂಡ ಬದುಕಿಲ್ಲ. ತವರಿನ ಹಳೇ ಮನೆಯಲ್ಲಿ ಅವಳ ಜೊತೆ ಇರುವುದು ಹಾಸಿಗೆ ಹಿಡಿದ ಮುದುಕಿ ಸೋದರತ್ತೆ ಮತ್ತು ಶಾಲೆಗೆ ಹೋಗುವ ಪುಟ್ಟ ಮಗಳು. ಆ ಮಗಳೆಂದರೆ ಕಾಜಕ್ಕನಿಗೆ ಜೀವ.

ಆ ರಾತ್ರಿ ಅಂಗಡಿಯ ಕೆಲಸ ಮುಗಿಯುವಷ್ಟರಲ್ಲಿ ಬೀದಿ ಖಾಲಿಯಾಗಿತ್ತು. ಮನೆಯ ಹತ್ತಿರದ ತಿರುವಿನಲ್ಲಿ ಒಂದು ಹಾಳು ಬಾವಿ. ಮೇಲೆ ಕಬ್ಬಿಣದ ಜಾಲರಿ ಹೊದಿಸಿದ್ದಾರೆ. ಹಗ್ಗ ಯಾವತ್ತೋ ಹೋಯಿತು, ತುಕ್ಕು ಹಿಡಿದ ರಾಟೆ ಮಾತ್ರ ಉಳಿದಿದೆ. ಕಾಜಕ್ಕ ಅಲ್ಲಿಗೆ ಬಂದಾಗ...

ಕಿರ್ರ್... ಕಿರ್ರ್... ಟಕ್.

ಗಾಳಿ ಇರಲಿಲ್ಲ. ರಾಟೆ ತಾನಾಗಿ ತಿರುಗಿ ನಿಂತಿತು. ಜಾಲರಿಯ ಕೆಳಗಿನಿಂದ ಒಂದು ಮಗುವಿನ ದನಿ. ಒಂದೇ ಒಂದು ಅಕ್ಷರ. ಸ್ವಲ್ಪ ಹೊತ್ತು ಬಿಟ್ಟು, ಪಿಸುಮಾತಿನಲ್ಲಿ, "ಆಮೇಲೆ...?"

ಯಾವ ಅಕ್ಷರ ಅಂತ ಕೇಳಬೇಡಿ. ಕತ್ತಲಾದ ಮೇಲೆ ನಾನು ಅದನ್ನು ಬಾಯಿಗೆ ತರುವುದಿಲ್ಲ. ಕಿವಿಗೆ ಬಿದ್ದ ಕೂಡಲೇ ಕಾಜಕ್ಕ ನಿಂತಲ್ಲೇ ನಿಂತಳು. ಯಾಕೆಂದರೆ ಹಿಂದಿನ ರಾತ್ರಿಯಷ್ಟೇ ಅವಳು ಆ ಅಕ್ಷರವನ್ನು ಹೊಲಿದಿದ್ದಳು.

ಅದನ್ನು ಹೇಳಿಬಿಡುತ್ತೇನೆ. ಅವರ ಮನೆಯ ಗೋಡೆಯ ಮೇಲೆ ಮುತ್ತಜ್ಜಿಯ ಕಾಲದ ಒಂದು ಕಸೂತಿ ಬಟ್ಟೆ ಇತ್ತು. ಗಾಜು ಒಡೆಯಿತೆಂದು ಅವಳು ಬಟ್ಟೆಯನ್ನು ಚೌಕಟ್ಟಿನಿಂದ ಬಿಡಿಸಿ, ಧೂಳು ಕೊಡವಿ, ಅತ್ತೆಯ ಹಾಸಿಗೆಯ ಬದಿಗೆ ಕೂತಿದ್ದಳು. ಸುತ್ತ ಬಳ್ಳಿಯ ಅಂಚು, ನಡುವೆ ಒಂಟೊಂಟಿ ಅಕ್ಷರಗಳು. ಯಾರ ಹೆಸರಿನವು ಅಂತ ಯಾರಿಗೂ ಗೊತ್ತಿರಲಿಲ್ಲ. ಅತ್ತೆ ಕಣ್ಣು ಕಿರಿದು ಮಾಡಿಕೊಂಡು ಒಂದೊಂದಾಗಿ ಬಿಡಿಸಿದಳು.

"'ಗ' ಅಂದ್ರೆ ನಮ್ಮಪ್ಪ. 'ತಾ' ನಮ್ಮ ಚಿಕ್ಕಪ್ಪ, ಮಹಾ ಸೋಂಬೇರಿ, ಅಕ್ಷರಾನೂ ನೋಡು ಹೇಗೆ ಮಲಗಿದೆ. ಎಲ್ಲಾ ನಮ್ಮಜ್ಜಿ ಹೆತ್ತ ಮಕ್ಕಳು ಕಣೇ."

ಕೊನೆಯ ಸಾಲಿನಲ್ಲಿ ನೂಲೇ ಇರಲಿಲ್ಲ. ಕಾಜಕ್ಕ ಬಟ್ಟೆಯನ್ನು ತಿರುವಿ ದೀಪಕ್ಕೆ ಹಿಡಿದಳು. ಸೂಜಿಯ ತೂತುಗಳ ಮೂಲಕ ಬೆಳಕು ಸೋರಿ ಒಂದು ಅಕ್ಷರ ಮೂಡಿತು. ಅದು ಅವಳ ಮಗಳ ಹೆಸರಿನ ಮೊದಲ ಅಕ್ಷರವೂ ಹೌದು.

"ಇದ್ಯಾರತ್ತೆ?"

ಅತ್ತೆ ಕೈ ಚಾಚಿ ಬಟ್ಟೆಯನ್ನು ದೀಪದಿಂದ ಸರಿಸಿದಳು.

"ಅದು ಕೊನೇ ಮಗು. ಹೆಣ್ಣು. ಅಜ್ಜ ಒಂದು ಹೆಸರು ಅಂದ, ಅವನಪ್ಪ ಇನ್ನೊಂದು ಅಂದ. ಅಕ್ಷರ ಎರಡಕ್ಕೂ ಒಂದೇ, ಜಗಳ ಮಾತ್ರ ಮುಗೀಲಿಲ್ಲ. ಅವರು ಒಪ್ಪಲಿ, ಆಮೇಲೆ ಮುಂದಿಂದು ಹೊಲೀತೀನಿ ಅಂತ ಅಜ್ಜಿ ಅಷ್ಟಕ್ಕೇ ನಿಲ್ಲಿಸಿದಳು. ಅಷ್ಟರಲ್ಲಿ ಮಗು ಅಂಬೆಗಾಲಿಡೋಕೆ ಶುರು ಮಾಡಿತ್ತು. ಈ ತಿರುವಿನ ಬಾವಿಗೆ ಆಗ ಕಟ್ಟೆ ಇರಲಿಲ್ಲ ಕಣೇ... ಮಗು ಅತ್ತ ಹೋಗೋದನ್ನ ಅಜ್ಜಿ ದೂರದಿಂದ ನೋಡಿದಳಂತೆ. ಕೂಗೋಣ ಅಂದ್ರೆ ಕೂಗೋಕೆ ಹೆಸರೇ ಇಲ್ಲ. ಬಾಯಿ ತೆರೆದು ನಿಂತೇಬಿಟ್ಟಳಂತೆ."

"ನೂಲು ಯಾಕಿಲ್ಲ ಇಲ್ಲಿ?"

"ಅಜ್ಜಿನೇ ಬಿಚ್ಚಿರಬೇಕು. ಹೊಲಿಯೋದು, ಬಿಚ್ಚೋದು. ಬಟ್ಟೆ ಜರಡಿ ಆಗಿದೆ ನೋಡು. ಅದನ್ನ ಮುಟ್ಟಬೇಡ ನೀನು."

ಅತ್ತೆ ಮಲಗಿದ ಮೇಲೆ ಕಾಜಕ್ಕ ಮುಟ್ಟಿದಳು. ಅವಳ ಕೈಯ ಚಟ ಹೇಳಿದೆನಲ್ಲ. ಪಾಪದ ಕೂಸು, ಎಲ್ಲರ ಅಕ್ಷರವೂ ಇದ್ದು ಇದರದ್ದು ಮಾತ್ರ ಇಲ್ಲವಲ್ಲ ಅನ್ನಿಸಿತು ಅವಳಿಗೆ. ತನ್ನ ಮಗಳದ್ದೂ ಅದೇ ಅಕ್ಷರವಲ್ಲವೇ? ಮಗಳ ಶಾಲೆಯ ಅಂಗಿಯ ಜೇಬಿಗೆ ಹೆಸರು ಹೊಲಿದ ನೀಲಿ ನೂಲು ಉಳಿದಿತ್ತು. ಅದರಲ್ಲೇ, ಹಳೇ ತೂತುಗಳ ಹಾದಿ ಹಿಡಿದು, ಹೊಲಿದು ಗಂಟು ಹಾಕಿದಳು.

ಈಗ ಬಾವಿಯ ಹತ್ತಿರ ನಿಂತವಳು ಓಡಿದಳು. ಹಿಂದೆ ಸದ್ದು... ಪಚ್... ಪಚ್... ಒದ್ದೆ ಅಂಗೈ ನೆಲಕ್ಕೆ ಬಡಿದ ಹಾಗೆ. ನಡೆಯುವ ಸದ್ದಲ್ಲ, ಅಂಬೆಗಾಲಿನ ಸದ್ದು. ಅವಳು ಬೇಗ ಹೋದರೆ ಅದೂ ಬೇಗ. ಅವಳು ನಿಂತರೆ ಅದೂ ನಿಂತು, ಆ ಅಕ್ಷರ ಹೇಳಿ, "ಆಮೇಲೆ...?"

ಮನೆಯ ಮೆಟ್ಟಿಲ ಬಳಿ ಅದು ಅವಳನ್ನು ದಾಟಿ ಮುಂದೆ ಹೋಯಿತು. ಕಣ್ಣಿಗೆ ಏನೂ ಕಾಣಲಿಲ್ಲ. ಮೆಟ್ಟಿಲ ಕಲ್ಲಿನ ಮೇಲೆ ಒದ್ದೆ ಗುರುತುಗಳು ಒಂದೊಂದಾಗಿ ಮೂಡುತ್ತ ಹೊಸ್ತಿಲ ತನಕ ಹೋಗಿ ನಿಂತವು. ಆಮೇಲೆ ಬಾಗಿಲ ಕೆಳಭಾಗದಲ್ಲಿ ಪುಟ್ಟ ಉಗುರಿನ ಸದ್ದು. ಕರಕರ... ಕರಕರ...

ಒಳಗಿಂದ ಮಗಳ ನಿದ್ದೆಗಣ್ಣಿನ ದನಿ. "ಬಂದ್ಯಾ ಅಮ್ಮಾ? ಇರು, ತೆಗೀತೀನಿ."

ಚಿಲಕ ಅಲುಗಿತು. ಕಾಜಕ್ಕನಿಗೆ ಬೇರೇನೂ ತೋಚಲಿಲ್ಲ. ಯಾವ ತಾಯಿಗೆ ತೋಚುತ್ತಿತ್ತು, ನೀವೇ ಹೇಳಿ. ಇದ್ದ ಉಸಿರನ್ನೆಲ್ಲ ಒಟ್ಟುಮಾಡಿ ಮಗಳ ಹೆಸರು ಹಿಡಿದು ಕೂಗಿದಳು. "ಬೇಡ! ಅಲ್ಲೇ ನಿಲ್ಲು!"

"ಓ..." ಅಂದಿತು.

ಒಳಗಿಂದಲ್ಲ. ಹೊಸ್ತಿಲಿನಿಂದ. ಕೊನೆಗೂ ಕರೆದಿರಲ್ಲ ಅನ್ನುವಂಥ ದನಿ. ಆಮೇಲೆ ಪಚ್ ಪಚ್ ಎಂದು ಮೆಟ್ಟಿಲಿಳಿದು, ಬೀದಿಯಲ್ಲಿ ದೂರ ದೂರ ಹೋಗಿ, ತಿರುವಿನಲ್ಲಿ... ಕಿರ್ರ್... ಟಕ್.

ಬಾಗಿಲು ತೆರೆಯಿತು. ಮಗಳು ಹೊರಗೆಲ್ಲ ಕಣ್ಣಾಡಿಸಿ ಕೇಳಿದಳು, "ಯಾರನ್ನ ಕರೆದೆ ಅಮ್ಮಾ?"

ಒಳಗೆ ಕಸೂತಿ ಬಟ್ಟೆಯಲ್ಲಿ ಆ ಅಕ್ಷರದ ಮುಂದೆ ಮಗಳ ಹೆಸರು ಪೂರ್ತಿಯಾಗಿತ್ತು. ಅದೇ ನೀಲಿ ನೂಲು. ಕಾಜಕ್ಕ ಕತ್ತರಿ ಹಿಡಿದು ಕೂತಳು. ಬೆರಳು ಕುಯ್ದುಕೊಂಡಿತೇ ಹೊರತು ನೂಲು ತುಂಡಾಗಲಿಲ್ಲ. ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿ, "ಮುಟ್ಟಬೇಡ ಅಂದೆ," ಅಂತ ಅತ್ತಳು.

ಆಮೇಲೆ ಎಷ್ಟೋ ರಾತ್ರಿ ಕಾಜಕ್ಕ ಬಾವಿಯ ಜಾಲರಿಗೆ ಬಾಯಿಟ್ಟು ಬೇಡಿಕೊಂಡಿದ್ದಾಳೆ. "ನನ್ನ ಹೆಸರು ತಗೋ ಕಂದಾ, ಅವಳದ್ದು ಕೊಟ್ಟುಬಿಡು." ಅಷ್ಟು ಕಾಲ ಕಾದು ಸಿಕ್ಕಿದ್ದನ್ನು ಯಾವ ಮಗು ತಿರುಗಿ ಕೊಡುತ್ತದೆ?

ಹುಡುಗಿ ಈಗಲೂ ಇದ್ದಾಳೆ. ಉಣ್ಣುತ್ತಾಳೆ, ಶಾಲೆಗೆ ಹೋಗುತ್ತಾಳೆ. ಹೆಸರು ಹಿಡಿದು ಕರೆದರೆ ಮಾತ್ರ ತಿರುಗುವುದಿಲ್ಲ. ಬೇರೆ ಹೆಸರಿಟ್ಟು ನೋಡಿದರು, ಬೆಳಗಾಗುವಷ್ಟರಲ್ಲಿ ಅದು ಯಾರ ನೆನಪಿನಲ್ಲೂ ಇರುವುದಿಲ್ಲ. ನಿನ್ನ ಹೆಸರೇನು ಪುಟ್ಟಾ ಅಂತ ನಾನೇ ಕೇಳಿದೆ. ಮೊದಲ ಅಕ್ಷರ ಹೇಳಿದಳು. ಆಮೇಲೆ ಅವಳಮ್ಮನ ಬಾಯಿಯನ್ನೇ ನೋಡುತ್ತ, "ಆಮೇಲೆ ಏನಮ್ಮಾ?" ಅಂದಳು. ಕಾಜಕ್ಕ ಪೂರ್ತಿ ಹೆಸರು ಹೇಳಿದಳು. ಹುಡುಗಿ ತಲೆಯಲ್ಲಾಡಿಸಿ, "ಅದು ನಂದಲ್ಲ," ಅಂದಳು.

ನಂಬದಿದ್ದರೆ ಬಿಡಿ, ನನಗೇನೂ ನಷ್ಟವಿಲ್ಲ. ಕಾಜಕ್ಕ ಇವತ್ತಿಗೂ ದಿನಾ ಮಲಗುವ ಮುಂಚೆ ಮಗಳ ಅಂಗಿಯ ಜೇಬಿಗೆ ಹೆಸರು ಹೊಲಿಯುತ್ತಾಳೆ. ನಾನು ಅವರ ಮನೆಯಲ್ಲಿ ಉಳಿದಿದ್ದಾಗ ಬೆಳಿಗ್ಗೆ ಎದ್ದು ಆ ಅಂಗಿಯನ್ನು ಕೈಗೆ ತಗೊಂಡು ನೋಡಿದೆ. ಮೊದಲ ಅಕ್ಷರ ಹಾಗೇ ಇತ್ತು. ಉಳಿದ ಕಡೆ ನೂಲಿರಲಿಲ್ಲ, ಬರೀ ತೂತು. ಬೆರಳಾಡಿಸಿ ನೋಡಿದೆ, ಬಟ್ಟೆ ಒದ್ದೆಯಾಗಿತ್ತು.