ಕೂಸಿನ ತುಟಿ

ಜಮಖಂಡಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಗಂಡ ಹೆಂಡತಿ ಕೂತಿದ್ದರು. ಅವನ ತೊಡೆಯ ಮೇಲೆ ದೂರದರ್ಶಕ, ಅವಳ ತೊಡೆಯ ಮೇಲೆ ಎಳೆಗೂಸು.

“ನಮ್ಮವ್ವ ಅಂತೂ ನಿನ್ನ ಮಾತಾಡಿಸಿದ್ಲಲ್ಲ, ಸಿದ್ಧಿ.”

“ಕೂಸಿನ ತುಟಿ ನೆಟ್ಟಗೈತಿ ಅಂತ ನೋಡಿದಮ್ಯಾಲ! ಬಸುರಿ ಗ್ರಹಣ ನೋಡಿದ್ರ ಕೂಸಿನ ತುಟಿ ಸೀಳತೈತಿ ಅಂತ, ಸಂಕ್ರಮಣದಾಗ ನಾ ಗ್ರಹಣ ನೋಡಿದಾಗಿಂದ ಮಾತ ಬಿಟ್ಟಿದ್ರು.”

“ವರ್ಷಪೂರ್ತಿ ಊರೂರು ತಿರುಗಿ, ಗ್ರಹಣ ಅಂದ್ರ ಬರೇ ನೆರಳು ಅಂತ ಮಂದಿಗೆ ತೋರಿಸಿದ್ವಿ. ನಮ್ಮ ಮನ್ಯಾಗ ನಂಬಲಿಲ್ಲ.”

“ನೀವರೆ ನಂಬಿದ್ರೇನ್ರಿ?”

“ಹೇಳಾಂವನ ನಾನು!”

“ಮತ್ತ ನರ್ಸಬಾಯಿ ಕೂಸು ನಿಮ್ಮ ಕೈಯಾಗ ಕೊಟ್ಟ ಕೂಡ್ಲೆ, ಚುಕ್ಕಿ ತೋರಸೂ ಟಾರ್ಚ್ ಹಿಡಿದು ಅದರ ಬಾಯಿ ಯಾಕ ನೋಡಿದ್ರಿ?”

ಅವನು ತಲೆ ಕೆರೆದುಕೊಂಡ. “ನಿನಗ ನಿದ್ದಿ ಹತ್ತೈತಿ ಅಂತ ತಿಳದಿದ್ದೆ.”

“ಇರ್ಲಿ ಬಿಡ್ರಿ. ನಿಮಗಿಂತ ಮೊದಲ ನಾ ಬೆರಳಾಡಿಸಿ ನೋಡಿದ್ದೆ.”

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ತುಬಚಿಯ ಬಸ್ಸು ಬಂತು. ಕೂಸನ್ನು ಅವನು ಎತ್ತಿಕೊಂಡ, ದೂರದರ್ಶಕವನ್ನು ಅವಳು.