ಬೆನ್ನು ಬಿಡದ ಹೊಲಿಗೆ ಮಿಷನ್

ಅಲ್ಲಮ್ಮ, ಹೋಗ್ಲಿ ಬಿಡು ಅಂತ ನಾನು ಹೇಳ್ತಾ ಇಲ್ಲ. ಕೂತ್ಕೋ ಅಂತ ಹೇಳ್ತಾ ಇದೀನಿ. ಕುರ್ಚಿಗಳನ್ನ ಒಂದರ ಮೇಲೊಂದು ಪೇರಿಸ್ತಾ ಇದಾರೆ, ಇನ್ನು ಸ್ವಲ್ಪ ಹೊತ್ತಿಗೆ ಇವೆರಡನ್ನೂ ಎಳ್ಕೊಂಡು ಹೋಗ್ತಾರೆ. ಅಷ್ಟರೊಳಗೆ ಟ್ಯಾಕ್ಸಿ ಬರುತ್ತೆ. ಕೂತ್ಕೋ... ಹಾಂ.

ಕೊರಳಲ್ಲಿರೋ ಆ ಕಾರ್ಡು ತೆಗಿ. ಸಮ್ಮೇಳನ ಮುಗೀತಲ್ಲ. ಬೇಡ್ವಾ? ಸರಿ, ಇರ್ಲಿ.

ಏನು ಭಾಷಣ, ಏನು ಭಾಷಣ... ಇಂಟರ್ನೆಟ್ಟಲ್ಲಿ ಮಾರೋದು ಹೇಗೆ, ಓದುಗರನ್ನ ಹಿಡಿಯೋದು ಹೇಗೆ. ನೀನು ಮೈಯೆಲ್ಲಾ ಕಿವಿಯಾಗಿ ಕೂತಿದ್ದೆ. ನಾನು ಮಧ್ಯೆ ಮಧ್ಯೆ ತೂಕಡಿಸ್ದೆ. ಮಗನಿಗೆ ರಜಾ ಸಿಗ್ಲಿಲ್ಲ ಅಂತ ಸೊಸೆಯ ಬ್ಯಾಗ್ ಹೊರೋಕೆ ಬಂದ ಮುದುಕ, ನನಗೇನು ತಿಳಿಯುತ್ತೆ.

ಆದ್ರೂ ಆ ಜಾಹೀರಾತು ಕಂಪನಿ ಮಳಿಗೆಯವನು ಹಾಗೆ ಮುಖಕ್ಕೆ ಹೊಡೆದ ಹಾಗೆ ಹೇಳಬಾರದಿತ್ತು. ಖಾತೆ ಯಾಕೆ ನಿಂತಿದೆ ಅಂತ ನೀನು ಮೆಲ್ಲಗೆ ಕೇಳಿದ್ರೆ, 'ಮುಚ್ಚಿದೀವಿ ಮೇಡಂ, ಮತ್ತೆ ತೆರೆಯಲ್ಲ. ಹೆಚ್ಚುಕಮ್ಮಿ ಎಲ್ಲಾ ಜಾಹೀರಾತನ್ನೂ ಒಂದೇ ಫೋನಿಂದ ಒತ್ತಿದಾರೆ, ದಿನಾ ಬೆಳಗ್ಗೆ.' ಏನು ಮಾತು ಅದು? ನೀನು ಇಂಟರ್ನೆಟ್ಟಲ್ಲಿ ಹರಿದ ಬಟ್ಟೆ ಸರಿಮಾಡೋದರ ಬಗ್ಗೆ ಬರೀತೀಯ, ಪಕ್ಕದಲ್ಲಿ ಅವರು ಜಾಹೀರಾತು ಹಾಕ್ತಾರೆ, ಓದೋಕೆ ಬಂದವರು ಒತ್ತುತಾರೆ, ಒತ್ತಿದ್ದಕ್ಕೆ ನಿನಗೆ ಕಾಸು. ಅವರೇ ಮಾಡಿದ ಏರ್ಪಾಡು. ಈಗ ಒತ್ತಿದ್ರೆ ಮೋಸವಂತೆ. ಯಾರೋ ಹೊಟ್ಟೆಕಿಚ್ಚಿನವರ ಕೆಲಸ ಇರಬೇಕು... ಯಾಕೆ ಹಾಗೆ ನೋಡ್ತೀಯ? ನಿನಗೆ ಆಗದವರು ಇರಬಾರ್ದಾ?

ಇರು, ಟ್ಯಾಕ್ಸಿ ಎಲ್ಲಿದೆ ಅಂತ ನನ್ನ ಫೋನಲ್ಲಿ ನೋಡ್ತೀನಿ. ಕನ್ನಡಕ ಎಲ್ಲಿ... ತಗೋ, ನೀನೇ ನೋಡು, ಅಕ್ಷರ ಸಣ್ಣದು. ಅದಲ್ಲ, ಅದು ಜಾಹೀರಾತು. ಹೊಲಿಗೆ ಮಿಷನ್ನು. ಸರಿಸು ಅದನ್ನ. ...ಅದೂ ಜಾಹೀರಾತೇ. ಜಿಪ್ಪು. ಸರಿಸಮ್ಮ. ದಾರದ ಉಂಡೆ... ಕೊಡಿಲ್ಲಿ, ನಾನೇ ನೋಡ್ಕೋತೀನಿ.

ಕೊಡು.

ಎಲ್ಲರ ಫೋನಲ್ಲೂ ಬರುತ್ತೆ ಇವೆಲ್ಲ. ವೇದಿಕೆ ಕಡೆ ಯಾಕೆ ನೋಡ್ತೀಯ? ಮಧ್ಯಾಹ್ನ ಮಾತಾಡಿದ ಹೆಂಗಸು ನೆನಪಾದ್ಲಾ? ಒಂದ್ಸಲ ಒತ್ತಿದವರ ಬೆನ್ನು ಬಿಡಲ್ಲ ಜಾಹೀರಾತು, ಎಲ್ಲಿ ಹೋದ್ರೂ ಹಿಂದೇನೇ ಬರುತ್ತೆ ಅಂದ್ಲಲ್ಲ... ಕೇಳಿಸ್ಕೊಂಡೆ ನಾನೂ. ಆಗ ತೂಕಡಿಕೆ ಹಾರಿಹೋಗಿತ್ತು.

ನಗ್ತಾ ಇದೀಯಾ? ಇಲ್ಲ. ನಗ್ತಾ ಇಲ್ಲ ನೀನು.

ಸರಿ. ನಾನೇ. ಬೆಳಗ್ಗೆ ಟೀ ಕುಡಿಯುವಾಗ. 'ಯಾರಮ್ಮ ಓದ್ತಾರೆ ನಿನ್ನ ತೇಪೆ ಪುರಾಣ' ಅಂತ ಎಲ್ಲರೆದುರು ಆಡ್ಕೊಳ್ತಿದ್ದೆನಲ್ಲ, ನಾನೇ ಓದ್ತಿದ್ದೆ. ಮೊದಲು ಓದೋದು, ಆಮೇಲೆ ಪಕ್ಕದಲ್ಲಿರೋದನ್ನೆಲ್ಲ ಒಂದು ಸುತ್ತು ಒತ್ತೋದು. ಈ ಅಂಗಿ ತೋಳಿನ ಪಟ್ಟಿ ನೋಡು, ಸವೆದು ಹೋಗಿತ್ತು. ತಿರುಗಿಸಿ ಹೊಲಿದವನು ನಾನೇ, ನೀನು ಬರೆದಿದ್ದನ್ನ ನೋಡ್ಕೊಂಡು. ದರ್ಜಿ ಮಾಡಿಕೊಟ್ಟ ಅಂತ ಸುಳ್ಳು ಹೇಳಿದ್ದೆ. ಹೊಲಿಗೆ ಸ್ವಲ್ಪ ಸೊಟ್ಟಗಿದೆ... ನೋಡಲ್ವಾ?

ಒತ್ತಬಾರದು ಅಂತ ನನಗೇನಮ್ಮ ಗೊತ್ತು? ಆಸ್ಪತ್ರೆಯಲ್ಲಿ ಜೀವಮಾನ ಪೂರ್ತಿ ಲಿಫ್ಟ್ ನಡೆಸಿದವನು, ಗುಂಡಿ ಕಂಡ್ರೆ ಕೈ ಹೋಗುತ್ತೆ. ನಿನಗೆ ಒಳ್ಳೇದಾಗ್ಲಿ ಅಂತ ಒತ್ತಿದೆ, ಅಷ್ಟೇ. ಅಷ್ಟೇ ಕಣಮ್ಮ.

ಬೇರೆ ಕಂಪನಿ ಸೇರ್ಕೊಂಡ್ರೆ ಆಯ್ತು. ಇಲ್ಲೇ ಎಷ್ಟೊಂದು ಮಳಿಗೆ... ಓ, ಎಲ್ಲಾ ಕಟ್ಕೊಂಡು ಹೊರಟಿದಾರೆ. ನಾಳೆ ಫೋನ್ ಮಾಡೋಣ. ಶಾಲೆಯಲ್ಲೂ ಕೇಳಿ ನೋಡೋಣ. ನಿನ್ನ ಹೊಲಿಗೆ ಟೀಚರ್ ಜಾಗಕ್ಕೆ ಬೇರೆಯವರು ಬಂದಿದಾರೆ, ನಿಜ, ಆದ್ರೂ...

ಬೈದ್ಬಿಡಮ್ಮ. ಮಾವ ಅನ್ನೋ ಮರ್ಯಾದೆ ಈಗ ಬೇಡ. ಬೈ, ಆದ್ರೆ ಹೀಗೆ ಸುಮ್ಮನೆ ನೋಡಬೇಡ.

ಆ ದಿನದ ಬಗ್ಗೆ ಯೋಚಿಸ್ತಿದೀಯ ಅಲ್ವಾ?

ಲ್ಯಾಪ್‌ಟಾಪ್ ತಂದು ನೀನು ಊಟದ ಮೇಜಿನ ಮೇಲಿಟ್ಟೆ. ಸಂಪಾದನೆಯ ಗೆರೆ ಹೇಗೆ ಮೇಲೆ ಹೋಗ್ತಿದೆ ನೋಡಿ ಮಾವ, ಅಂದೆ. ಇದನ್ನ ನಂಬ್ಕೊಂಡು ಶಾಲೆ ಕೆಲಸ ಬಿಡಬಹುದು ಅಂದೆ. ಆಮೇಲೆ ನನ್ನ ಕಡೆ ತಿರುಗಿ, ಬಿಡ್ಲಾ ಮಾವ, ಅಂತ ಕೇಳಿದೆ. ಗಂಡನನ್ನ ಕೇಳ್ಲಿಲ್ಲ, ನನ್ನನ್ನ ಕೇಳಿದೆ.

ಆ ಗೆರೆಯಲ್ಲಿ ಒಂದು ಕಡೆ ತಗ್ಗಿತ್ತು. ನೆಲಕ್ಕೆ ಬಿದ್ದ ಹಾಗೆ. ನಾನು ಜ್ವರ ಬಂದು ಮಲಗಿದ್ದೆ ನೋಡು, ಆ ವಾರ. ಎದ್ದ ಮೇಲೆ ಮತ್ತೆ ಏರಿತ್ತು. ಅಲ್ಲೇ, ನನ್ನ ಕಣ್ಣೆದುರಿಗೇ ಇತ್ತು.

ಗೊತ್ತಾಯ್ತಮ್ಮ. ಒತ್ತೋರು ಬೇರೆ ಯಾರೂ ಇಲ್ಲ, ನಾನೊಬ್ಬನೇ ಅಂತ ಆಗ್ಲೇ ಗೊತ್ತಾಯ್ತು.

ನೀನು ನಗ್ತಾ ಇದ್ದೆ. ನಮ್ಮನೆಗೆ ಬಂದ ಮೇಲೆ ನೀನು ಹಾಗೆ ನಕ್ಕಿದ್ದನ್ನ ನಾನು ಒಂದ್ಸಲನೂ ನೋಡಿರ್ಲಿಲ್ಲ.

ಕೆಲಸ ಬಿಡಮ್ಮ ಅಂದ್ಬಿಟ್ಟೆ.